ಹಡೆದವರ ಮನಸ್ಸಿಗೂ ಆರೈಕೆ ಬೇಕು

(ಶಹಾಪುರದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ನೀರಾವರಿ ಇಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಸಂಚಾಲಕರು ನನ್ನನ್ನು ಕರೆದಾಗ, "ಸರ್, ಕಾಯಕದ ಬಗ್ಗೆ ಮಾತಾಡ್ರಿ, ಕಾಲುವಿ ಕೆಲಸದ ಅನುಭವ ಹೇಳ್ರಿ" ಅಂದರು. ನಾನು ಬೇರೆ ವಿಷಯ ಕೇಳಿಕೊಂಡೆ. ಕೂಸು ಹುಟ್ಟಿದ ಮನೆಯಲ್ಲಿ ತಾಯಿ-ತಂದೆಯ ಮನಸ್ಸು ಕುಸಿಯುತ್ತದೆ. ಅದಕ್ಕೆ ನೆರವಾಗುತ್ತೇವೆಂದು ಈಗ ಮೊಬೈಲ್ ಆ್ಯಪ್‌ಗಳು ಬಂದಿವೆ. ಅವನ್ನು ನಂಬಬೇಕೋ ಬೇಡವೋ, ನಂಬುವ ಮೊದಲು ಹೇಗೆ ಪರೀಕ್ಷಿಸಬೇಕು, ಇದು ಇವತ್ತಿನ ನನ್ನ ವಿಷಯ. ನಾನು ವೈದ್ಯನಲ್ಲ. ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ನೀರಾವರಿ ಕೆಲಸದಲ್ಲಿ ವರ್ಷಗಳನ್ನು ಸವೆಸಿ ನಿವೃತ್ತನಾದವನು. ಪರೀಕ್ಷೆ ಮಾಡದೆ ಯಾವ ಕೆಲಸಕ್ಕೂ ಬಿಲ್ಲು ಬರೆಯಬಾರದು ಅನ್ನುವುದೊಂದೇ ಈ ವಿಷಯಕ್ಕೆ ನಾನು ತಂದಿರುವ ಅರ್ಹತೆ.

ಇನ್ನೊಂದು ಕಾರಣವೂ ಇದೆ. ಅದನ್ನು ನಮ್ಮ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತೇನೆ. ಅವರು ಎದುರಿಗೇ ಕೂತಿದ್ದಾರೆ.

1986. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ನಾಲ್ಕು ವರ್ಷವಾಗಿತ್ತು. ಎಡದಂಡೆ ಕಾಲುವೆಯ ಕೆಲಸ ಜೋರಾಗಿ ನಡೆದಿತ್ತು. ನಾನು ಹೊಸ ಸಹಾಯಕ ಇಂಜಿನಿಯರ್. ಕಾಲುವೆ ದಂಡೆಯ ಕ್ಯಾಂಪಿನಲ್ಲಿ ತಗಡಿನ ಕ್ವಾರ್ಟರ್ಸು. ನಮ್ಮ ಮೊದಲ ಕೂಸು ಹುಟ್ಟಿ ಮೂರು ತಿಂಗಳಿಗೆ ಇವರು ತವರುಮನೆಯಿಂದ ಬಂದರು. ಬಂದವರು ಮೊದಲಿನ ಹಾಗೆ ಇರಲಿಲ್ಲ. ಕೂಸು ಮಲಗಿದರೂ ಇವರಿಗೆ ನಿದ್ದೆ ಇಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಂತುಬಿಡುತ್ತಿತ್ತು, ಕಣ್ಣಲ್ಲಿ ನೀರು. ಒಂದು ದಿನ, "ಈ ಕೂಸಿನ್ನ ಯಾರಿಗರೆ ಕೊಟ್ಟುಬಿಡ್ರಿ, ನನ್ನ ಕೈಲಿ ಆಗೂದಿಲ್ಲ" ಅಂದರು. ನಾನು ಬೈದೆ. "ಹಡದಾಕಿ ಆಡೋ ಮಾತೇನು ಇದು?" ಅಂದೆ. ನಮ್ಮವ್ವ ಊರಿಂದ ಬಂದು, "ಗಾಳಿ ಸೋಕ್ಯಾದ" ಅಂದು ದಾರ ಕಟ್ಟಿದರು. ನಾನು ಜೀಪು ಹತ್ತಿ ಕೆಲಸಕ್ಕೆ ಹೋದೆ.

ಎಂಟು ತಿಂಗಳು ಹೀಗೇ ನಡೆಯಿತು. ಪಕ್ಕದ ಕ್ವಾರ್ಟರ್ಸಿನಲ್ಲಿ ನೀರಗಂಟಿಯ ಹೆಂಡತಿ ಒಬ್ಬರಿದ್ದರು, ಶಾಲೆ ಕಂಡವರಲ್ಲ. ಅವರು ದಿನಾ ಮಧ್ಯಾಹ್ನ ಶೇಂಗಾ ಸುಲಿಯುವ ನೆಪದಲ್ಲಿ ಬಂದು ಕೂಡುತ್ತಿದ್ದರು. ಇವರು ಮಾತಾಡಿದರೆ ಕೇಳುವುದು, ಅತ್ತರೆ ಸುಮ್ಮನೆ ಇರುವುದು, ಕೂಸನ್ನು ಒಂದು ತಾಸು ಹೊತ್ತುಕೊಂಡು ಹೋಗಿ ಇವರಿಗೆ ಮಲಗಲು ಬಿಡುವುದು. ನಿಧಾನವಾಗಿ ಇವರು ಚೇತರಿಸಿಕೊಂಡರು. ನಾನು ಅದನ್ನು ದಾರದ ಮಹಿಮೆ ಎಂದು ಒಪ್ಪಲಿಲ್ಲ, ಬೇರೆ ಕಾರಣವನ್ನೂ ಹುಡುಕಲಿಲ್ಲ. ಮರೆತೆ.

ಸುಮಾರು ನಾಲ್ವತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಸೊಸೆಯ ಹೆರಿಗೆಯಾಯಿತು. ಎರಡನೇ ವಾರ ದಾಟಿದರೂ ಅವಳ ಅಳು ನಿಲ್ಲಲಿಲ್ಲ. ಮಗ ಅವಳ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಅವತ್ತು ರಾತ್ರಿ ನಮ್ಮ ಮನೆಯವರು ನನ್ನನ್ನು ಎಬ್ಬಿಸಿ ಹೇಳಿದರು: "ಕ್ಯಾಂಪಿನ್ಯಾಗ ಇದ್ದಾಗ ಒಂದು ರಾತ್ರಿ ನಾ ಕಾಲುವಿ ಕಡೆ ನಡದಿದ್ದೆ. ಒಳಗ ಕೂಸು ಅಳ್ತು. ಹೊಳ್ಳಿ ಬಂದೆ. ನಿಮಗ ಹೇಳಿಲ್ಲ." ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ಈ ಫೋನಿನ್ಯಾಗಿಂದು ಅಕಿ ಮಾತು ಖರೇನೇ ಕೇಳ್ತದೇನ್ರೀ?"

ಆ ಕಾಲುವೆಯ ಪ್ರತಿ ಮೀಟರಿನ ಇಳಿಜಾರು ನನಗೆ ಗೊತ್ತಿತ್ತು. ಮನೆಯೊಳಗೆ ಏನು ನಡೆದಿದೆ ಅನ್ನುವುದು ಗೊತ್ತಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿದ್ದು, ವೈದ್ಯರನ್ನು ಕೇಳಿ ತಿಳಿದದ್ದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಾಯಿಲೆಯ ಮಾತು. ಹೆರಿಗೆಯಾದ ಮೊದಲ ಕೆಲವು ದಿನ ಅಳು, ಸಿಟ್ಟು, ದಿಗಿಲು ಬಹಳ ತಾಯಂದಿರಿಗೆ ಸಹಜ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಮುಂದುವರಿದು, ನಿದ್ದೆ ಬಾರದೆ, ಕೂಸಿನ ಮೇಲೆ ಅಕ್ಕರೆ ಹುಟ್ಟದೆ, ಬದುಕೇ ಬೇಡವೆನಿಸಿದರೆ ಅದು ಬಾಣಂತಿ ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಈ ತೊಂದರೆ. ಅಂದರೆ ಐವರಲ್ಲಿ ಒಬ್ಬರು. ಗಂಡಸರೇ, ನಾವೂ ಹೊರಗಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಸೇರಿಸಿ 2010ರಲ್ಲಿ ಪ್ರಕಟವಾದ ಲೆಕ್ಕ ಹತ್ತು ತಂದೆಯರಲ್ಲಿ ಒಬ್ಬನಿಗೆ ಖಿನ್ನತೆ ಬರುತ್ತದೆ ಎನ್ನುತ್ತದೆ. ಇದಲ್ಲದೆ ಸಾವಿರ ಹೆರಿಗೆಗೆ ಒಂದೋ ಎರಡೋ ಕಡೆ ತಾಯಿಗೆ ಬುದ್ಧಿಭ್ರಮಣೆಯೇ ಆಗುತ್ತದೆ. ಇಲ್ಲದ ದನಿ ಕೇಳುವುದು, ಇಲ್ಲದ್ದು ಕಾಣುವುದು. ಅದು ತುರ್ತು. ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗ 2009ರಿಂದ ಇದೆ.

ನಮ್ಮ ಭಾಗದಲ್ಲಿ ಈ ಭಾರ ಇನ್ನೂ ಹೆಚ್ಚು. ತೊಗರಿ, ಹತ್ತಿ ಕೈಕೊಟ್ಟ ವರ್ಷ ಗಂಡ ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗುತ್ತಾನೆ, ಬಾಣಂತಿ ಇಲ್ಲಿ. ಅಥವಾ ಇಬ್ಬರೂ ಹೋಗುತ್ತಾರೆ, ಕೂಸು ಮುದುಕಿಯ ಮಡಿಲಲ್ಲಿ. ಆ ಮುದುಕಿಯ ಮನಸ್ಸನ್ನು ಕೇಳುವವರು ಯಾರು? ಎರಡನೆಯದೂ ಹೆಣ್ಣಾಯಿತೆಂದು ಮುಖ ತಿರುವುವ ಅತ್ತೆ ಇದ್ದಾರೆ. ಇದರ ಮೇಲೆ ಸೂತಕ. ಶರಣರು ಜನನ ಸೂತಕವನ್ನು ಎಂಟುನೂರು ವರ್ಷಗಳ ಹಿಂದೆಯೇ ನಿರಾಕರಿಸಿದರು. ನಾವು ವೇದಿಕೆ ಮೇಲೆ ಅದನ್ನು ಹೇಳುತ್ತೇವೆ, ಮನೆಗೆ ಹೋಗಿ ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಕೂಡಿಸಿ ಮುಟ್ಟಬೇಡ ಅನ್ನುತ್ತೇವೆ. ಮನಸ್ಸು ಕುಸಿದವಳನ್ನು ಒಂಟಿಯಾಗಿ ಕೂಡಿಸುವುದಕ್ಕಿಂತ ಕೆಟ್ಟ ಔಷಧಿ ಬೇರೆ ಇಲ್ಲ.

ಚಿಕಿತ್ಸೆ ದೂರವೇ ಉಳಿದಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕೇ ಇಲ್ಲ ಎಂದು ಕಂಡುಬಂತು. ವಿಚಿತ್ರವೆಂದರೆ ದಾರಿ ತೋರಿಸಿದ್ದು ನಮ್ಮ ಬಳ್ಳಾರಿಯೇ. 1985ರಿಂದ ಅಲ್ಲಿ ನಿಮ್ಹಾನ್ಸ್ ತಜ್ಞರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ಅದೇ ಮಾದರಿ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಾನು ಕ್ಯಾಂಪಿನಲ್ಲಿದ್ದ ಕಾಲದಲ್ಲೇ ಬಳ್ಳಾರಿಯಲ್ಲಿ ಈ ಕೆಲಸ ನಡೆದಿತ್ತು. ಇಂಜಿನಿಯರಿಂಗ್ ಪತ್ರಿಕೆ ಓದುತ್ತಿದ್ದ ನನಗೆ ಅದರ ಸುದ್ದಿ ಗೊತ್ತಿರಲಿಲ್ಲ.

ಈಗ ಫೋನಿನ ಮಾತು. 2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿತು. ಸಂಖ್ಯೆ 14416. ದಯವಿಟ್ಟು ಬರೆದುಕೊಳ್ಳಿ. ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಂತ್ರಜ್ಞಾನದ ಹೊಣೆ ಬೆಂಗಳೂರಿನ ಐಐಐಟಿ ಸಂಸ್ಥೆಯದು. ದೇಶದಲ್ಲಿ ಇದಕ್ಕೆ ಬಂದ ಕರೆಗಳು 20 ಲಕ್ಷ ದಾಟಿವೆ. 2024ರ ಅಕ್ಟೋಬರ್ 10ರಂದು ಇದರ ಮೊಬೈಲ್ ಆ್ಯಪ್ ಬಂತು. ಮರುವರ್ಷ ಅದಕ್ಕೆ ಕನ್ನಡವೂ ಸೇರಿದಂತೆ ಹತ್ತು ಪ್ರಾದೇಶಿಕ ಭಾಷೆ ಸೇರಿಸಿದರು. ಇದು ಬಾಣಂತಿಯರಿಗಷ್ಟೇ ಅಲ್ಲ, ಎಲ್ಲರಿಗೂ. ಇದರಾಚೆ ಖಾಸಗಿ ಕಂಪನಿಗಳ ಆ್ಯಪ್‌ಗಳು ಲೆಕ್ಕವಿಲ್ಲದಷ್ಟಿವೆ. ಉಸಿರಾಟ ಕಲಿಸುವವು, ಪ್ರಶ್ನೆ ಕೇಳಿ ಅಂಕ ಕೊಡುವವು, ಯಂತ್ರವೇ ಮನುಷ್ಯನಂತೆ ಮಾತಾಡುವವು.

ಇವುಗಳಲ್ಲಿ ಯಾವುದು ಒಳ್ಳೆಯದು? ಇಂಜಿನಿಯರ್ ಆಗಿ ನಾನು ಐದು ಪರೀಕ್ಷೆ ಹೇಳುತ್ತೇನೆ.

ಮೊದಲನೆಯದು, ಹೋಲಿಕೆ. ಆ್ಯಪ್ ಬಳಸಿದ ನೂರು ತಾಯಂದಿರಲ್ಲಿ ಎಪ್ಪತ್ತು ಮಂದಿ ಆರು ತಿಂಗಳಿಗೆ ಹುಷಾರಾದರು ಎಂದು ಕಂಪನಿಯವರು ಹೇಳಿದರೆ ಏನೂ ಸಿದ್ಧವಾಗುವುದಿಲ್ಲ. ಆ್ಯಪ್ ಇಲ್ಲದಿದ್ದರೂ ಕಾಲ ಕಳೆದಂತೆ ಎಷ್ಟೋ ಮಂದಿ ಹುಷಾರಾಗುತ್ತಾರೆ. ಆದ್ದರಿಂದ ಚೀಟಿ ಎತ್ತಿದ ಹಾಗೆ ತಾಯಂದಿರನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಹೊಸ ನೆರವು, ಇನ್ನೊಂದಕ್ಕೆ ಈಗಿರುವ ಆರೈಕೆ. ಕೊನೆಗೆ ಎರಡನ್ನೂ ಅಳೆಯಬೇಕು. ಇಂಥ ಪರೀಕ್ಷೆಯ ದೊಡ್ಡ ಉದಾಹರಣೆ ಪಾಕಿಸ್ತಾನದ ರಾವಲ್ಪಿಂಡಿ ಸೀಮೆಯ ಹಳ್ಳಿಗಳದು, 2008ರಲ್ಲಿ ಪ್ರಕಟವಾಯಿತು. ಖಿನ್ನತೆಯಿದ್ದ 903 ತಾಯಂದಿರು. ಅರ್ಧದಷ್ಟು ಕಡೆ ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಹೆಣ್ಣುಮಕ್ಕಳಿಗೆ, ತಾಯಿಯ ಜೊತೆ ಹೇಗೆ ಮಾತಾಡಬೇಕು, ಕೆಟ್ಟ ಯೋಚನೆಯಿಂದ ಹೇಗೆ ಹೊರತರಬೇಕು ಎಂದು ತರಬೇತಿ ಕೊಟ್ಟರು. ಇನ್ನರ್ಧ ಕಡೆ ಅಷ್ಟೇ ಸಲ ಮನೆಭೇಟಿ, ಆದರೆ ಆ ತರಬೇತಿ ಇಲ್ಲ. ಕೂಸಿಗೆ ಆರು ತಿಂಗಳಾದಾಗ ತರಬೇತಿ ಇದ್ದ ಕಡೆ ಖಿನ್ನತೆ ಉಳಿದದ್ದು ನೂರಕ್ಕೆ 23 ತಾಯಂದಿರಲ್ಲಿ, ಇಲ್ಲದ ಕಡೆ 53ರಲ್ಲಿ. ಅಲ್ಲಿ ಆ್ಯಪ್ ಇರಲಿಲ್ಲ. ಇದ್ದದ್ದು ಮನುಷ್ಯರು. ಆ್ಯಪ್ ಮಾಡುವವರು ಇಂಥ ಅಳತೆ ತೋರಿಸಲಿ, ಆಮೇಲೆ ಒಪ್ಪೋಣ.

ಎರಡನೆಯದು, ಬಾಳಿಕೆ. ಕಾಂಕ್ರೀಟು ಹಾಕಿದ ದಿನವೇ ಗಟ್ಟಿಯಾಗಿ ಕಾಣುತ್ತದೆ. ನಾವು ಘನಾಕಾರದ ಮಾದರಿ ಮಾಡಿಟ್ಟು 28ನೇ ದಿನ ಒತ್ತಿ ನೋಡುತ್ತೇವೆ. ಆ್ಯಪಿಗೂ ಇದೇ ಪರೀಕ್ಷೆ. 93 ಮಾನಸಿಕ ಆರೋಗ್ಯ ಆ್ಯಪ್‌ಗಳ ಬಳಕೆಯನ್ನು ಅಳೆದು 2019ರಲ್ಲಿ ಒಂದು ಅಧ್ಯಯನ ಬಂತು. ಹಾಕಿಕೊಂಡವರಲ್ಲಿ 30ನೇ ದಿನಕ್ಕೆ ಇನ್ನೂ ತೆರೆಯುತ್ತಿದ್ದವರು ಸಾಮಾನ್ಯವಾಗಿ ನೂರಕ್ಕೆ ಮೂರು ಮಂದಿ ಮಾತ್ರ! ಇಷ್ಟು ಲಕ್ಷ ಜನ ಹಾಕಿಕೊಂಡಿದ್ದಾರೆ ಎಂಬ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪಿರಲಿ.

ಮೂರನೆಯದು, ಭಾಷೆ. ಎಡಿನ್‌ಬರೋದ ತಜ್ಞರು 1987ರಲ್ಲಿ ಬಾಣಂತಿಯರಿಗಾಗಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಕಳೆದ ಏಳು ದಿನ ಹೇಗಿದ್ದೆ ಎಂದು ಅದು ಕೇಳುತ್ತದೆ. ಜಗತ್ತಿನ ತುಂಬ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಆದರೆ ಕನ್ನಡ ಅಂದರೆ ಯಾವ ಕನ್ನಡ? ನಮ್ಮ ಸುರಪುರದ ಹೆಣ್ಣುಮಗಳು "ನನಗೆ ಖಿನ್ನತೆಯಾಗಿದೆ" ಅನ್ನುವುದಿಲ್ಲ. "ಜೀವ ಬ್ಯಾಸರ ಆಗ್ಯಾದ", "ಎದಿ ಬಡಕೊಂತದ", "ತಲಿ ಭಾರ", "ಅಂಗಾಲು ಉರಿತದ" ಅನ್ನುತ್ತಾಳೆ. ಅವಳ ಮಾತು ಅರಿಯದ ಆ್ಯಪ್ ಅವಳ ನೋವನ್ನೂ ಅರಿಯದು. ಇನ್ನೂ ಒಂದು: 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 41ರ ಆಸುಪಾಸು. ಓದಲು ಬಾರದವಳಿಗೆ ಅಕ್ಷರದ ಆ್ಯಪ್ ಕೊಟ್ಟರೆ ಏನು ಬಂತು? ದನಿಯಲ್ಲಿ ಕೇಳಬೇಕು, ದನಿಯಲ್ಲಿ ಹೇಳಬೇಕು.

ನಾಲ್ಕನೆಯದು, ಗುಟ್ಟು. ನಮ್ಮ ಮನೆಗಳಲ್ಲಿ ಫೋನು ಒಬ್ಬರದಲ್ಲ. ಗಂಡ ನೋಡುತ್ತಾನೆ, ಮೈದುನ ನೋಡುತ್ತಾನೆ, ಮಕ್ಕಳು ಆಡುತ್ತಾರೆ. ಸೊಸೆಗೆ ಮಗ ಹಾಕಿಕೊಟ್ಟ ಆ್ಯಪನ್ನು ನಾವು ಮೂವರು, ಅಂದರೆ ಸೊಸೆ, ನಮ್ಮ ಮನೆಯವರು, ನಾನು, ಕೂತು ಪರೀಕ್ಷಿಸಿದೆವು. ಹೆಸರು ಬೇಡ. ಹಾಕಿದ ಕೂಡಲೇ ಅದು ಫೋನಿನಲ್ಲಿರುವ ಎಲ್ಲರ ನಂಬರ್ ಕೇಳಿತು. ಬಾಣಂತಿಯ ದುಃಖಕ್ಕೂ ನಮ್ಮ ಕಿರಾಣಿ ಅಂಗಡಿಯವರ ನಂಬರಿಗೂ ಏನು ಸಂಬಂಧ? ಸಂಜೆ ಊಟದ ಹೊತ್ತಿಗೆ, "ಇಂದು ನಿಮ್ಮ ದುಃಖ ಎಷ್ಟಿದೆ?" ಎಂಬ ಸಾಲು ಬೀಗ ಹಾಕಿದ ಪರದೆಯ ಮೇಲೆ ಎಲ್ಲರ ಎದುರಿಗೇ ಮೂಡಿತು. ಸೊಸೆಯ ಮುಖ ಸಣ್ಣದಾಯಿತು. ಅಮೆರಿಕದಲ್ಲಿ 2023ರಲ್ಲಿ, ಜನ ನಂಬಿ ಹೇಳಿಕೊಂಡ ಮಾಹಿತಿಯನ್ನು ಜಾಹೀರಾತಿಗಾಗಿ ಬೇರೆ ಕಂಪನಿಗಳಿಗೆ ಕೊಟ್ಟಿದೆ ಎಂಬ ಆರೋಪದ ಮೇಲೆ ಒಂದು ದೊಡ್ಡ ಆಪ್ತಸಲಹೆ ಕಂಪನಿ 78 ಲಕ್ಷ ಡಾಲರ್ ಕೊಡಬೇಕಾಯಿತು. ಅದೇ ವರ್ಷ ನಮ್ಮ ದೇಶದಲ್ಲೂ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಆದರೆ "ಒಪ್ಪಿದ್ದೇನೆ" ಎಂಬ ಗುಂಡಿಯನ್ನು ಓದದೆ ಒತ್ತುವವರು ನಾವೇ ಅಲ್ಲವೆ?

ಐದನೆಯದು ಎಲ್ಲಕ್ಕಿಂತ ದೊಡ್ಡದು, ತುರ್ತಿನ ಪರೀಕ್ಷೆ. ನಮ್ಮ ಮನೆಯವರು ಸೊಸೆಗೆ ಹೇಳಿದರು: "ಬರಿಯವ್ವ, ನನಗ ಬದುಕೋದು ಬ್ಯಾಡ ಆಗ್ಯಾದ ಅಂತ ಬರಿ, ಏನಂತದ ನೋಡೂಣು." ಬರೆದಳು. ಆ್ಯಪ್ ಆಳವಾಗಿ ಉಸಿರು ತೆಗೆದುಕೊಳ್ಳಲು ಹೇಳಿತು! ಒಂದು ಸಹಾಯವಾಣಿಯ ನಂಬರನ್ನೂ ಕೊಡಲಿಲ್ಲ. ನಮ್ಮ ಮನೆಯವರು ಫೋನನ್ನು ಕೆಳಗಿಟ್ಟು, "ಇದು ಕೇಳಂಗಿಲ್ಲ" ಅಂದರು. ಆ ಆ್ಯಪನ್ನು ಅವತ್ತೇ ತೆಗೆದೆವು, ಮರುದಿನ ಸೊಸೆಯನ್ನು ವೈದ್ಯರ ಬಳಿ ಕರೆದುಕೊಂಡು ಹೋದೆವು. ಆಪ್ತಸಲಹೆ, ನಿದ್ದೆ, ಮನೆಯವರ ಸರದಿ, ಇಷ್ಟರಿಂದಲೇ ನಾಲ್ಕು ತಿಂಗಳಿಗೆ ಅವಳು ಮೊದಲಿನಂತಾದಳು. ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ.

ಹಾಗಾದರೆ ಆ್ಯಪ್ ಬೇಡವೇ? ಹಾಗೆ ನಾನು ಹೇಳಲಾರೆ. ಕಾಲುವೆ ಕೆಲಸದಲ್ಲಿ ನಮಗೊಂದು ಪಾಠವಿದೆ. ಅಣೆಕಟ್ಟು ತುಂಬಿದ್ದು, ಗೇಟು ಎತ್ತಿದ್ದು ಲೆಕ್ಕಕ್ಕಿಲ್ಲ. ಕಾಲುವೆಯ ಕೊನೆಯ ರೈತನ ಹೊಲಕ್ಕೆ ನೀರು ಮುಟ್ಟಿತೇ ಅನ್ನುವುದೇ ಲೆಕ್ಕ. ಶಹಾಪುರ ಶಾಖಾ ಕಾಲುವೆಯ ಕೊನೆಯಲ್ಲಿ ಹೊಲ ಇರುವವರು ಇಲ್ಲಿದ್ದೀರಿ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಹಾನ್ಸ್ ಎಂಬ ಅಣೆಕಟ್ಟಿನಲ್ಲಿ ನೀರಿದೆ. ಫೋನು ಒಂದು ಕಾಲುವೆ. ಹಳ್ಳಿಯ ಕೊನೆಯ ಮನೆಯ ಬಾಣಂತಿಯವರೆಗಿನ ಹೊಲಗಾಲುವೆಯನ್ನು ನಾವೇ ತೋಡಬೇಕು. ಗೋವಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ರಾವಲ್ಪಿಂಡಿಯ ಪಾಠವನ್ನು ಸರಳಗೊಳಿಸಿ, ಅದೇ ಊರಿನ ಸಾಮಾನ್ಯ ತಾಯಂದಿರಿಗೇ ತರಬೇತಿ ಕೊಟ್ಟು ಖಿನ್ನತೆಯಿದ್ದ ಗರ್ಭಿಣಿಯರ, ಬಾಣಂತಿಯರ ಮನೆಗೆ ಕಳಿಸಿದರು. ಫಲ ರಾವಲ್ಪಿಂಡಿಯಷ್ಟು ದೊಡ್ಡದಾಗಿ ಬರಲಿಲ್ಲ, ಆದರೂ ಬಂತು. ನಮ್ಮ ಕ್ಯಾಂಪಿನ ಆ ನೀರಗಂಟಿಯ ಹೆಂಡತಿ ಯಾವ ತರಬೇತಿಯೂ ಇಲ್ಲದೆ ಮಾಡಿದ್ದು ಇದನ್ನೇ.

ಕೆಲವು ಹಿರಿಯರು ಕೇಳಬಹುದು: ಇಷ್ಟಲಿಂಗ ಪೂಜೆ, ಪ್ರಾರ್ಥನೆ ಸಾಲದೇ? ಪೂಜೆಯಿಂದ ಸಮಾಧಾನ ಸಿಗುತ್ತದೆ, ನಾನೂ ಪಡೆದಿದ್ದೇನೆ. ಆದರೆ ಕಾಲು ಮುರಿದರೆ ಪೂಜೆ ಮಾಡಿಕೊಂಡೇ ಆಸ್ಪತ್ರೆಗೆ ಹೋಗುತ್ತೇವೆ. ಮನಸ್ಸು ಮುರಿದಾಗ ಮಾತ್ರ ಭಕ್ತಿ ಕಡಿಮೆಯಾಯಿತು ಎಂದು ಅವಳ ಮೇಲೇ ತಪ್ಪು ಹೊರಿಸುವುದು ನ್ಯಾಯವಲ್ಲ. ಗಾಳಿ, ದೆವ್ವ, ಮಾಟ ಎಂದು ಅಲೆದಾಡುವುದಂತೂ ಶರಣರ ದಾರಿಯೇ ಅಲ್ಲ. ಸುರಪುರ ಸೀಮೆಯ ಮುದನೂರಿನವರು ಜೇಡರ ದಾಸಿಮಯ್ಯನವರು. ಅವರ ಹೆಸರು ಬಂದ ಕಡೆಯೆಲ್ಲ ದುಗ್ಗಳೆಯ ಹೆಸರೂ ಬರುತ್ತದೆ. ಅವರನ್ನು ನಮ್ಮೂರವರೆಂದು ಹೆಮ್ಮೆಪಡುವ ನಾವು ಹೆಂಡತಿಯ ಕಷ್ಟದಲ್ಲಿ ಅರ್ಧ ಹೊರಬೇಡವೇ? ನನ್ನ ಕಾಲದಲ್ಲಿ ಪಿತೃತ್ವ ರಜೆ ಇರಲಿಲ್ಲ. ಈಗ ಸರ್ಕಾರಿ ನೌಕರರಿಗೆ 15 ದಿನ ಇದೆ. ಅದನ್ನು ಹೊಲದ ಕೆಲಸಕ್ಕೆ, ನೆಂಟರ ಲಗ್ನಕ್ಕೆ ಬಳಸಬೇಡಿ. ರಾತ್ರಿ ಕೂಸನ್ನು ಎತ್ತಿಕೊಳ್ಳಲು ಬಳಸಿರಿ.

ಕೊನೆಯದಾಗಿ ಈ ಗೋಷ್ಠಿಯ ಮುಂದೆ ಮೂರು ಕೋರಿಕೆ. ಒಂದು, ತೊಟ್ಟಿಲು ಕಾರ್ಯಕ್ರಮಕ್ಕೆ ಹೋದಾಗ ಕೂಸಿಗೆ ಉಡುಗೊರೆ ಕೊಡುವ ಜೊತೆಗೆ ತಾಯಿಯನ್ನು ಪಕ್ಕಕ್ಕೆ ಕರೆದು, "ನಿದ್ದಿ ಆಗ್ತದೇನವ್ವ? ಮನಸ್ಸು ಹ್ಯಾಂಗದ?" ಎಂದು ಒಬ್ಬರಾದರೂ ಕೇಳಿರಿ, 14416 ಹೇಳಿಕೊಡಿರಿ. ಎರಡು, ಮಠದಲ್ಲಿ ತಿಂಗಳಿಗೊಮ್ಮೆ ತಾಯಂದಿರಷ್ಟೇ ಕೂಡುವ ಒಂದು ಹೊತ್ತು ಇರಲಿ. ಆಶಾ ಕಾರ್ಯಕರ್ತೆಯರನ್ನು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕರೆಸೋಣ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಲಿ. ಯಾವುದೇ ಆ್ಯಪನ್ನು ಊರಿಗೆ ಹೇಳುವ ಮೊದಲು ಆ ತಾಯಂದಿರೇ ನಾನು ಹೇಳಿದ ಐದು ಪರೀಕ್ಷೆ ಮಾಡಲಿ, ಸರ್ಕಾರದ್ದಾದರೂ ಸರಿ, ಕಂಪನಿಯದಾದರೂ ಸರಿ. ಕುಂದು ಕಂಡರೆ ಮಾಡಿದವರಿಗೆ ಬರೆಯೋಣ. ಮೂರು, ಯಾರಾದರೂ ಸಾಯುವ ಪ್ರಯತ್ನ ಮಾಡಿ ಬದುಕಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಬೇಕಾದದ್ದು ಆರೈಕೆ.

ನಮ್ಮ ಮನೆಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಫೋನು ತಾನಾಗಿ ಕೇಳುವುದಿಲ್ಲ. ಆ ತುದಿಯಲ್ಲಿ ಕೇಳುವ ಮನುಷ್ಯರಿದ್ದರೆ, ಈ ತುದಿಯಲ್ಲಿ ಫೋನು ಹಿಡಿಯಲು ಅವಳಿಗೆ ಬಿಡುವ ಮನೆಯವರಿದ್ದರೆ ಮಾತು ಮುಟ್ಟುತ್ತದೆ. 1986ರಲ್ಲಿ ನಾನು ಕೇಳಲಿಲ್ಲ. ಅದಕ್ಕಾಗಿ ಅವರಲ್ಲಿ ಮನೆಯಲ್ಲಿ ಕ್ಷಮೆ ಕೇಳಿದ್ದೇನೆ, ಇವತ್ತು ನಿಮ್ಮೆಲ್ಲರ ಎದುರಿಗೂ ಕೇಳುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ನೀವೂ ನಿಮ್ಮ ಮನೆಯಲ್ಲಿ ಒಂದು ಮಾತು ಕೇಳಿ ನೋಡಿರಿ.